ಬೇಲ್ ಸಿಕ್ತು, ಶ್ಯೂರಿಟಿ ಯಾರು?

ಬೆಂಗಳೂರಿನಲ್ಲಿ ಸರಗಳ್ಳತನವೋ ಚಾಕು ಇರಿತವೋ ಆದರೆ ಟಿವಿಯಲ್ಲಿ ಬರುವ ಸಾಲು ಎಲ್ಲರಿಗೂ ಬಾಯಿಪಾಠ: ‘ಆರೋಪಿ ಇತ್ತೀಚೆಗಷ್ಟೇ ಜಾಮೀನಿನ ಮೇಲೆ ಹೊರಬಂದಿದ್ದ.’ ಕೇಳಿದ ತಕ್ಷಣ ಸಿಟ್ಟು ಬರುತ್ತದೆ. ಬರಬೇಕಾದ್ದೇ. ಪತ್ರಿಕೆಯ ಒಳಪುಟದಲ್ಲಿ ಆಗಾಗ ಇನ್ನೊಂದು ಸುದ್ದಿಯೂ ಇರುತ್ತದೆ. ಜಾಮೀನು ಮಂಜೂರಾಗಿ ತಿಂಗಳಾದರೂ ಜೈಲಿನಿಂದ ಹೊರಬರಲಾಗದವರ ಸುದ್ದಿ. ಮೊದಲನೆಯದು ಓದಿದವರು ‘ಬೇಲ್ ಕೊಡಲೇಬಾರದು’ ಅನ್ನುತ್ತಾರೆ. ಎರಡನೆಯದು ಓದಿದವರು ‘ಎಲ್ಲರಿಗೂ ಕೊಡಿ’ ಅನ್ನುತ್ತಾರೆ. ಚುನಾವಣೆ ಹತ್ತಿರ ಬಂದಾಗ ಎರಡೂ ಭಾಷಣವಾಗುತ್ತವೆ. ಎರಡೂ ಕಥೆಯಲ್ಲಿರುವುದು ಒಂದೇ ಕಾನೂನು, ಅಲ್ವಾ? ಅದು ಈ ಸ್ಥಿತಿಗೆ ಬಂದದ್ದು ಹೇಗೆ ಎಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು.

ಜಾಮೀನು ಸಿಕ್ಕಿತೆಂದರೆ ಖುಲಾಸೆ ಆಯಿತು ಅಂತಲ್ಲ. ವಿಚಾರಣೆ ಮುಗಿಯುವ ತನಕ ಹೊರಗಿರು, ಕರೆದಾಗ ಬಾ, ಸಾಕ್ಷಿಗಳ ತಂಟೆಗೆ ಹೋಗಬೇಡ ಎಂಬ ಷರತ್ತಿನ ಬಿಡುಗಡೆ ಅಷ್ಟೇ. ಬರುತ್ತಾನೆ ಅನ್ನುವುದಕ್ಕೆ ಏನು ಖಾತ್ರಿ? ಬ್ರಿಟಿಷರ ಕಾಲದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಉತ್ತರ: ಮುಚ್ಚಳಿಕೆ, ಅಂದರೆ ಬರದಿದ್ದರೆ ಇಷ್ಟು ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ಪತ್ರ, ಮತ್ತು ಜಾಮೀನುದಾರ, ಅಂದರೆ ಶ್ಯೂರಿಟಿ. 1973ರ ಸಂಹಿತೆ ಅದನ್ನೇ ಉಳಿಸಿಕೊಂಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದೇ ಇದೆ. ಆಸ್ತಿ ಇರುವ ಒಬ್ಬರು ಬಂದು ‘ಇವನು ಬರದಿದ್ದರೆ ಹಣ ನಾನು ಕಟ್ಟುತ್ತೇನೆ’ ಅನ್ನಬೇಕು.

ಇದನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದ ಕಡೆಗಳಲ್ಲಿ ನ್ಯೂಯಾರ್ಕ್ ಒಂದು. 1961ರಲ್ಲಿ ಅಲ್ಲಿ ವೆರಾ ಫೌಂಡೇಶನ್ ಎಂಬ ಸಂಸ್ಥೆ ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟ್ ಶುರು ಮಾಡಿತು. ಕಾನೂನು ವಿದ್ಯಾರ್ಥಿಗಳು ಬಂಧಿತರ ಹತ್ತಿರ ಹೋಗಿ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಿದ್ದರು. ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಯಾರ ಜೊತೆ? ಕೆಲಸ ಏನು? ಊರಿನ ನಂಟು ಗಟ್ಟಿಯಾಗಿದ್ದವರನ್ನು ಹಣ ಕೇಳದೆ ಬಿಡಿ ಎಂದು ನ್ಯಾಯಾಧೀಶರಿಗೆ ಶಿಫಾರಸು ಮಾಡುತ್ತಿದ್ದರು. ಮೊದಲ 3 ವರ್ಷಗಳಲ್ಲಿ ಹೀಗೆ ಬಿಡುಗಡೆಯಾದವರು 3,500 ಮಂದಿ. ಕೋರ್ಟಿಗೆ ಬಾರದೆ ತಪ್ಪಿಸಿಕೊಂಡವರು ಶೇ 2ಕ್ಕಿಂತ ಕಡಿಮೆ. ಜನರನ್ನು ಕೋರ್ಟಿಗೆ ಎಳೆದು ತರುವುದು ಹಣದ ಭಯವಲ್ಲ, ಊರಿನ ನಂಟು ಎಂಬುದು ಅಂಕಿಸಂಖ್ಯೆಯಲ್ಲೇ ಕಂಡಿತು. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಜಾಮೀನು ಸುಧಾರಣಾ ಕಾಯ್ದೆ ತಂದದ್ದರ ಹಿಂದೆ ಈ ಪ್ರಯೋಗವಿತ್ತು.

ಆ ಯೋಚನೆ ನಮ್ಮಲ್ಲಿಗೂ ಬಂತು. 1971ರಲ್ಲಿ ಗುಜರಾತಿನ ಕಾನೂನು ನೆರವು ಸಮಿತಿ ಜಾಮೀನು ಪದ್ಧತಿ ಬಡವರಿಗೆ ಮಾಡುವ ಅನ್ಯಾಯದ ಬಗ್ಗೆ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಪಿ.ಎನ್. ಭಗವತಿ. 1977ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಿಂದ ‘ಜಾಮೀನು ನಿಯಮ, ಜೈಲು ಅಪವಾದ’ ಎಂಬ ಮಾತು ಬಳಕೆಗೆ ಬಂತು.

ಮರುವರ್ಷದ ಒಂದು ಪ್ರಕರಣದ ಬಗ್ಗೆ ನಿಧಾನವಾಗಿ ಹೇಳಬೇಕು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವರಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. 1978ರ 10,000! ಸಹೋದರ ಜಾಮೀನು ನಿಲ್ಲಲು ಬಂದರೆ ‘ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ’ ಎಂದು ತಳ್ಳಿಹಾಕಿದರು. ದೇಶದ ಅತಿ ದೊಡ್ಡ ಕೋರ್ಟಿನ ಆದೇಶ ಕೈಯಲ್ಲಿದ್ದರೂ ಮನುಷ್ಯ ಜೈಲಿನಲ್ಲೇ ಉಳಿದರು. ಮತ್ತೆ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಅಂದರು. ಬೇರೆ ಜಿಲ್ಲೆಯವನ ಜಾಮೀನು ನಡೆಯುವುದಿಲ್ಲ ಅನ್ನುವುದು ಯಾವ ಕಾನೂನು ಎಂದೂ ಕೇಳಿದರು.

1979ರಲ್ಲಿ ಬಿಹಾರದ ಜೈಲುಗಳ ಕಥೆ ಹೊರಬಿತ್ತು. ಅದನ್ನು ಪತ್ರಿಕೆಯಲ್ಲಿ ಬರೆದವರು ಕೆ.ಎಫ್. ರುಸ್ತಮ್‌ಜಿ, ಗಡಿ ಭದ್ರತಾ ಪಡೆಯನ್ನು ಕಟ್ಟಿದ ಪೊಲೀಸ್ ಅಧಿಕಾರಿ. ಇದು ನೆನಪಿರಲಿ. ಜಾಮೀನು ಸುಧಾರಣೆ ಎಂದರೆ ಪೊಲೀಸರ ವಿರುದ್ಧದ ಮಾತು ಅಂದುಕೊಳ್ಳುವವರು ಜಾಸ್ತಿ. ಈ ದೇಶದಲ್ಲಿ ಅದಕ್ಕೆ ಜೀವ ಕೊಟ್ಟವರಲ್ಲಿ ಒಬ್ಬರು ಪೊಲೀಸರೇ. ವಕೀಲೆ ಕಪಿಲಾ ಹಿಂಗೋರಾನಿ ಆ ವರದಿಯನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಹುಸೇನಾರಾ ಖಾತೂನ್ ಪ್ರಕರಣ ಎಂದು ಹೆಸರಾದ ಆ ತೀರ್ಪನ್ನು ಬರೆದವರು ಭಗವತಿ. ಊರಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಕುಟುಂಬ ಇದೆಯೇ, ಕೆಲಸ ಇದೆಯೇ ನೋಡಿ, ನಂಟಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಅದರಲ್ಲಿ ಹೇಳಿದರು. ಮ್ಯಾನ್‌ಹಟನ್‌ನ ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆಗಳು ಹೆಚ್ಚುಕಡಿಮೆ ಹಾಗೇ ನಮ್ಮ ಕಾನೂನಿನೊಳಗೆ ಬಂದವು.

ಆಮೇಲೆ? ಪುಸ್ತಕದಲ್ಲಿ ಉಳಿದವು.

ಇದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲ ವರ್ಷಗಳ ಹಿಂದೆ ನಮ್ಮ ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದವರು ಬೆಳಿಗ್ಗೆಯೇ ಮನೆ ಬಾಗಿಲಿಗೆ ಬಂದರು. ಮಗ ಒಂದು ಹೊಡೆದಾಟದ ಕೇಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ‘ಸಾರ್, ಬೇಲ್ ಸಿಕ್ತು. ಶ್ಯೂರಿಟಿ ಕೇಳ್ತಾವ್ರೆ. ನಮಗ್ ಯಾರ್ ಕೊಡ್ತಾರೆ ಸಾರ್?’ ಅಂದರು. ಬಾಡಿಗೆಯ ಒಂದು ರೂಮು, ಇಸ್ತ್ರಿ ಪೆಟ್ಟಿಗೆ, ಗಾಡಿ. ಆಸ್ತಿ ಅಂತ ಇದ್ದದ್ದು ಅಷ್ಟೇ.

ನಾನು ಊರಿಂದ ಪಹಣಿ ತರಿಸಿದೆ. ಜೊತೆಗೆ ಆಧಾರ್ ನಕಲು, ಎರಡು ಫೋಟೊ, ಟೈಪ್ ಮಾಡಿಸಿದ ಅಫಿಡವಿಟ್. ಕೋರ್ಟಿನ ಕಾರಿಡಾರಿನಲ್ಲಿ ಕಾಯುತ್ತಿದ್ದಾಗ ಒಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ‘ಶ್ಯೂರಿಟಿ ಬೇಕಾ?’ ಅಂದರು. ಬೇಡ ಅಂದೆ. ಮಧ್ಯಾಹ್ನದ ಮೇಲೆ ಹೆಸರು ಕೂಗಿದರು. ನ್ಯಾಯಾಧೀಶರು ಕೇಳಿದ್ದು ಇಷ್ಟು: ಜಮೀನು ಯಾರ ಹೆಸರಲ್ಲಿದೆ? ಇದರ ಮೇಲೆ ಬೇರೆ ಯಾರಿಗಾದರೂ ಜಾಮೀನು ಕೊಟ್ಟಿದ್ದೀರಾ? ಆರೋಪಿ ನಿಮಗೆ ಹೇಗೆ ಪರಿಚಯ? ಅವನು ಬರದಿದ್ದರೆ ನೀವು ಹಣ ಕಟ್ಟಬೇಕಾಗುತ್ತೆ, ಗೊತ್ತಾ? ಎರಡು ನಿಮಿಷದಲ್ಲಿ ಮುಗಿಯಿತು. ಹುಡುಗ ಅದೇ ಬೀದಿಯಲ್ಲಿ ಬೆಳೆದವನು, ಅಲ್ಲೇ ಸರ್ಕಾರಿ ಶಾಲೆಗೆ ಹೋದವನು. ಅದನ್ನು ಕೇಳುವ ಸಂದರ್ಭವೇ ಬರಲಿಲ್ಲ. ಅವನು ಊರಿಗೆ ಅಂಟಿಕೊಂಡಿದ್ದಾನೆಯೇ ಅನ್ನುವುದಕ್ಕಿಂತ ನನ್ನ ಹೊಲ ನನ್ನ ಹೆಸರಿನಲ್ಲಿದೆಯೇ ಅನ್ನುವುದು ಮುಖ್ಯವಾಯಿತು. ಜಾಮೀನು ಮಂಜೂರಾಗಿ ಅವನು ಹೊರಬರುವ ಹೊತ್ತಿಗೆ 11 ದಿನ ಕಳೆದಿತ್ತು. ನಡುವೆ ಎರಡನೇ ಶನಿವಾರ, ಭಾನುವಾರ. ಬಿಡುಗಡೆ ಆದೇಶ ಸಂಜೆಯೊಳಗೆ ಪರಪ್ಪನ ಅಗ್ರಹಾರ ತಲುಪದಿದ್ದರೆ ಇನ್ನೊಂದು ರಾತ್ರಿ.

ಪಹಣಿಯೇ ಬಾಗಿಲಿನ ಬೀಗದಕೈ ಆದಾಗ ಪಹಣಿಯ ವ್ಯಾಪಾರವೂ ಹುಟ್ಟುತ್ತದೆ. ನಕಲಿ ದಾಖಲೆ, ಬಾಡಿಗೆ ಜಾಮೀನುದಾರರ ಜಾಲವನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಒಂದಕ್ಕಿಂತ ಹೆಚ್ಚು ಸಲ ಹಿಡಿದಿದ್ದಾರೆ. ಅದನ್ನು ಬಳಸುವವರು ಯಾರು? ದುಡ್ಡಿದ್ದವರು, ಇದೇ ದಂಧೆಯಲ್ಲಿ ಪಳಗಿದವರು. ಮೊದಲ ಸಲ ಸಿಕ್ಕಿಬಿದ್ದ ಬಡವನಿಗೆ ಆ ದಾರಿ ಗೊತ್ತಿರುವುದಿಲ್ಲ. ಪೊಲೀಸರ ಸಿಟ್ಟು ನನಗೆ ಅರ್ಥವಾಗುವುದು ಇಲ್ಲೇ. ವಾರಗಟ್ಟಲೆ ಬೆನ್ನು ಹತ್ತಿ ಹಿಡಿದ ಕಳ್ಳ ಸುಳ್ಳು ಶ್ಯೂರಿಟಿ ಕೊಟ್ಟು ಹೊರಬಂದು ಮಾಯವಾದರೆ ಯಾರಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ?

ಆ ಸಿಟ್ಟಿಗೆ ನಗರ ಕಂಡುಕೊಂಡ ಉತ್ತರಗಳೆಲ್ಲ ಜಾಮೀನಿನ ಪಕ್ಕದಿಂದ ಹೋದವು. 1963ರಲ್ಲಿ ಬೆಂಗಳೂರಿಗೆ ಕಮಿಷನರ್ ವ್ಯವಸ್ಥೆ ಬಂತು. ಠಾಣೆಗಳಲ್ಲಿ ರೌಡಿ ಪಟ್ಟಿ ಬೆಳೆಯಿತು, ಚುನಾವಣೆ ಬಂದಾಗಲೆಲ್ಲ ರೌಡಿ ಪರೇಡ್ ನಡೆಯಿತು, ಗಡಿಪಾರು ಆದೇಶಗಳು ಹೊರಟವು. 1985ರಲ್ಲಿ ಜನ ‘ಗೂಂಡಾ ಕಾಯ್ದೆ’ ಎಂದು ಕರೆಯುವ ಕಾನೂನು ಬಂತು. ಜಾಮೀನಿನ ಪ್ರಶ್ನೆಯೇ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಶುರುವಿನಲ್ಲಿ ಕಳ್ಳಬಟ್ಟಿ, ಮಾದಕವಸ್ತು, ಜೂಜು, ಸ್ಲಂ ಜಾಗ ಕಬಳಿಕೆ ಇದ್ದ ಪಟ್ಟಿಗೆ 2014ರಲ್ಲಿ ಆಸಿಡ್ ದಾಳಿಯೂ ಡಿಜಿಟಲ್ ಅಪರಾಧವೂ ಸೇರಿದವು. ಸಂಘಟಿತ ಅಪರಾಧಕ್ಕೆ 2000ದ ಕೋಕಾ ಕಾಯ್ದೆ. ಅದರಲ್ಲಿ ಜಾಮೀನು ಸಿಗುವುದು ಬಹಳ ಕಷ್ಟ. 2016ರ ಕೊನೆಯ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಹೆಣ್ಣುಮಕ್ಕಳಿಗೆ ಆದ ಕಿರುಕುಳ ದೇಶಕ್ಕೆಲ್ಲ ಸುದ್ದಿಯಾಯಿತು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ಆಯ್ಕೆಯಾದ 8 ನಗರಗಳಲ್ಲಿ ಬೆಂಗಳೂರೂ ಸೇರಿತು. 7,000ಕ್ಕೂ ಹೆಚ್ಚು ಕ್ಯಾಮೆರಾಗಳು ಬಂದವು. ಒಳ್ಳೆಯದೇ ಆಯಿತು. ಆದರೆ ಕ್ಯಾಮೆರಾದಲ್ಲಿ ಸಿಕ್ಕಿದವನ ವಿಚಾರಣೆ ವರ್ಷಗಟ್ಟಲೆ ಎಳೆದರೆ, ಅವನು ಒಳಗಿರಬೇಕೋ ಹೊರಗಿರಬೇಕೋ ಅನ್ನುವುದು ಮತ್ತೆ ಹಳೆಯ ಪಹಣಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಈ ಹಗ್ಗಜಗ್ಗಾಟ ನಮ್ಮದೊಂದೇ ಅಲ್ಲ. ದಾರಿ ತೋರಿಸಿದ ನ್ಯೂಯಾರ್ಕೇ ಅದನ್ನು ಮರೆತಿತ್ತು. 2010ರಲ್ಲಿ ಬ್ರಾಂಕ್ಸ್‌ನ 16ರ ಹುಡುಗನೊಬ್ಬ ಬ್ಯಾಗ್ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದ. 3,000 ಡಾಲರ್ ಕಟ್ಟಲಾಗದೆ ರೈಕರ್ಸ್ ದ್ವೀಪದ ಜೈಲಿನಲ್ಲಿ 3 ವರ್ಷ ಕಳೆದ. ಅದರಲ್ಲಿ ಬಹುಪಾಲು ಒಂಟಿ ಕೋಣೆಯಲ್ಲಿ. ಕೊನೆಗೆ ಕೇಸನ್ನೇ ಕೈಬಿಟ್ಟರು. 2015ರಲ್ಲಿ ಆ ಹುಡುಗ ಜೀವ ಕಳೆದುಕೊಂಡ. 2019ರಲ್ಲಿ ರಾಜ್ಯದ ಶಾಸಕಾಂಗ ಸಣ್ಣ ಅಪರಾಧಗಳಿಗೂ ಹಿಂಸೆ ಇಲ್ಲದ ಹೆಚ್ಚಿನ ಅಪರಾಧಗಳಿಗೂ ಹಣದ ಜಾಮೀನು ತೆಗೆದುಹಾಕಿತು. 2020ರ ಜನವರಿ 1ರಂದು ಕಾನೂನು ಜಾರಿಯಾಯಿತು. ಮಾರ್ಚಿಗೆ ಕೊರೊನಾ. ಆ ವರ್ಷ ನಗರದಲ್ಲಿ ಕೊಲೆಗಳು 319ರಿಂದ 468ಕ್ಕೆ ಏರಿದವು. ಇಂತಹ ಕಾನೂನೇ ಇಲ್ಲದ ಅಮೆರಿಕದ ಬೇರೆ ನಗರಗಳಲ್ಲೂ ಏರಿದವು. ಆದರೆ ಭಯದಲ್ಲಿದ್ದ ಜನಕ್ಕೆ ಕಣ್ಣೆದುರು ಕಂಡದ್ದು ಹೊಸ ಕಾನೂನು. 2020, 2022, 2023, ಮೂರು ಸಲ ತಿದ್ದಿ ನ್ಯಾಯಾಧೀಶರ ಕೈಗೆ ಅಧಿಕಾರ ವಾಪಸ್ ಕೊಟ್ಟರು. 2021ರಲ್ಲಿ ಸುರಕ್ಷತೆಯ ಮಾತಾಡಿ ಮೇಯರ್ ಆದವರು ಮಾಜಿ ಪೊಲೀಸ್ ಕ್ಯಾಪ್ಟನ್. ಜಾಮೀನು ಕಾನೂನು ಮಾಡುವುದು ಮೇಯರ್ ಅಲ್ಲ, ರಾಜ್ಯ. ಭಾಷಣದ ಬಿಸಿಯಲ್ಲಿ ಅದು ಯಾರಿಗೂ ನೆನಪಿರಲಿಲ್ಲ.

ನಮ್ಮಲ್ಲಿ ಬದಲಾವಣೆ ಬಂದದ್ದು ಹನಿಹನಿಯಾಗಿ. ಬಂಧನವಾಗಿ ಒಂದು ವಾರದಲ್ಲಿ ಶ್ಯೂರಿಟಿ ಕೊಡಲಾಗದವರನ್ನು ಬಡವರೆಂದೇ ತಿಳಿಯಬೇಕು ಎಂದು 2005ರ ತಿದ್ದುಪಡಿ ಹೇಳಿತು. ಅದು ಜಾಮೀನು ಹಕ್ಕಾಗಿರುವ ಸಣ್ಣ ಅಪರಾಧಗಳಿಗೆ ಮಾತ್ರ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಜಾಮೀನಿಗೆ ಪ್ರತ್ಯೇಕ ಕಾನೂನೇ ಬೇಕು ಎಂದು ಕೇಂದ್ರಕ್ಕೆ ಹೇಳಿತು. ಆ ವರ್ಷದ ಕೊನೆಗೆ ದೇಶದ ಜೈಲುಗಳಲ್ಲಿದ್ದ 5.73 ಲಕ್ಷ ಜನರಲ್ಲಿ ಶೇ 75.8 ವಿಚಾರಣಾಧೀನ ಕೈದಿಗಳು. 2023ರ ಜನವರಿಯಲ್ಲಿ ಇನ್ನೊಂದು ಆದೇಶ: ಜಾಮೀನು ಸಿಕ್ಕಿ 7 ದಿನದಲ್ಲಿ ಹೊರಬರದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೆ ಕೋರ್ಟೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬೇಕು. ಅದೇ ವರ್ಷ ಬಡ ಕೈದಿಗಳ ಜಾಮೀನಿಗೆ 40,000 ರೂಪಾಯಿವರೆಗೆ ಕೊಡುವ ಕೇಂದ್ರದ ಯೋಜನೆ ಬಂತು. ಹೊಸ ಸಂಹಿತೆಯಲ್ಲಿ ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ದಾರಿ ಇದೆ, ಗಲ್ಲು ಇಲ್ಲವೇ ಜೀವಾವಧಿ ಶಿಕ್ಷೆಯ ಆರೋಪ ಇರಬಾರದು. ಒಂದಕ್ಕಿಂತ ಹೆಚ್ಚು ಕೇಸಿದ್ದರೆ ಆ ದಾರಿ ಮುಚ್ಚುತ್ತದೆ.

2024ರ ಆಗಸ್ಟಿನಲ್ಲಿ 13 ಕೇಸುಗಳಲ್ಲೂ ಜಾಮೀನು ಸಿಕ್ಕಿದ್ದ ಒಬ್ಬರು ಸುಪ್ರೀಂ ಕೋರ್ಟಿಗೆ ಬಂದರು. ಪ್ರತಿ ಕೇಸಿಗೂ ಬೇರೆ ಬೇರೆ ಶ್ಯೂರಿಟಿ ಎಲ್ಲಿಂದ ತರಲಿ ಅನ್ನುವುದು ಅವರ ಅಳಲು. ಅದೇ ಜಾಮೀನುದಾರರು ಹಲವು ಕೇಸಿಗೆ ಸಾಕು ಎಂದಿತು ಕೋರ್ಟ್. ಕರ್ನಾಟಕದ ಕಣ್ಣೆಲ್ಲ ಆಗ ಬೇರೆಡೆ ಇತ್ತು. ಹೆಸರಾಂತ ನಟರೊಬ್ಬರು ಆರೋಪಿಯಾದ ಕೊಲೆ ಪ್ರಕರಣದಲ್ಲಿ ಆ ಡಿಸೆಂಬರಿನಲ್ಲಿ ಹೈಕೋರ್ಟ್ ಜಾಮೀನು ಕೊಟ್ಟಿತು, 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಚಹಾ ಅಂಗಡಿಯಲ್ಲೂ ಜಾಮೀನಿನದ್ದೇ ಮಾತು. ಜಾಮೀನು ಕೊಡುವಾಗ ಅಪರಾಧದ ಗಂಭೀರತೆ, ಸಾಕ್ಷಿಗಳಿಗೆ ಇರುವ ಬೆದರಿಕೆ ನೋಡಬೇಕು ಅನ್ನುವುದು ಆಗ ಬಹಳ ಜನಕ್ಕೆ ಮೊದಲ ಸಲ ತಿಳಿಯಿತು. ಆ ಅಳೆದು ತೂಗುವ ಕೆಲಸ ದೊಡ್ಡ ಕೇಸುಗಳಲ್ಲಿ ಪುಟಗಟ್ಟಲೆ ನಡೆಯುತ್ತದೆ. ದಿನಕ್ಕೆ ನೂರಾರು ಕೇಸು ಕೂಗುವ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅದಕ್ಕೆ ಸಿಗುವುದು ಎರಡು ನಿಮಿಷ. ಬೆಂಗಳೂರಿನ ಬೀದಿಯ ಸುರಕ್ಷತೆ ಬಹುಪಾಲು ತೀರ್ಮಾನವಾಗುವುದು ಆ ಎರಡು ನಿಮಿಷದಲ್ಲಿ ಎಂದೇ ನನಗೆ ಅನ್ನಿಸುತ್ತದೆ. ಯಾರು ಓಡಿಹೋಗುತ್ತಾರೆ, ಯಾರು ಇನ್ನೊಬ್ಬರಿಗೆ ಕೇಡು ಮಾಡುತ್ತಾರೆ ಎಂದು ಅಲ್ಲಿ ವಿಚಾರಿಸಿ ಹೇಳುವ ಸಿಬ್ಬಂದಿ ಇಲ್ಲ. ಪ್ರತ್ಯೇಕ ಜಾಮೀನು ಕಾನೂನು ಇನ್ನೂ ಬಂದಿಲ್ಲ.

ಇಸ್ತ್ರಿ ಗಾಡಿಯವರ ಮಗನ ಕೇಸು ಇನ್ನೂ ನಡೆಯುತ್ತಿದೆ. ಈಗ ಅವನು ಡೆಲಿವರಿ ಕೆಲಸ ಮಾಡುತ್ತಾನೆ. ಕೋರ್ಟ್ ಡೇಟ್ ಇದ್ದ ದಿನ ರಜೆ ಹಾಕಿ ಹೋಗುತ್ತಾನೆ, ಒಂದೂ ತಪ್ಪಿಸಿಲ್ಲ. ನನ್ನ ಪಹಣಿ ಅದೇ ಫೈಲಿನಲ್ಲಿದೆ.