ಟೊರಾಂಟೊದಲ್ಲಿರುವ ಮಗನಿಗೆ ಊರಿನ ನೆನಪೋ, ಖಿನ್ನತೆಯೋ?

ಪ್ರಶ್ನೆ: ಮಗ ಸೆಪ್ಟೆಂಬರಿನಲ್ಲಿ ಕೆನಡಾದ ಟೊರಾಂಟೊಗೆ ಓದಲು ಹೋದ. ಮೊದಲೆರಡು ತಿಂಗಳು ದಿನಾ ವಿಡಿಯೊ ಕಾಲ್ ಮಾಡುತ್ತಿದ್ದ. ಈಗ ಕ್ಯಾಮೆರಾ ಹಾಕುವುದೇ ಇಲ್ಲ, ಏನು ಕೇಳಿದರೂ ‘ಅಡ್ಡಿಲ್ಲೆ’ ಅಂತ ಮುಗಿಸುತ್ತಾನೆ. ಇದು ಊರಿನ ನೆನಪೋ, ಕಾಯಿಲೆಯೋ? ಶಿರಸಿಯಲ್ಲಿ ಕೂತು ನಾವೇನು ಮಾಡಬಹುದು?

ಉತ್ತರ: ಊರಿನ ನೆನಪು ಬರುತ್ತದೆ, ಹೋಗುತ್ತದೆ. ದೀಪಾವಳಿಯ ದಿನ ಕಣ್ಣೀರು ಹಾಕಿದವನು ಮರುದಿನ ಕ್ಲಾಸಿಗೆ ಹೋಗುತ್ತಾನೆ, ಗೆಳೆಯರು ಕರೆದರೆ ಹೊರಡುತ್ತಾನೆ, ಹೊಟ್ಟೆ ಹಸಿಯುತ್ತದೆ. ಖಿನ್ನತೆ ಸುಲಭಕ್ಕೆ ಬಿಡುವುದಿಲ್ಲ. ಎರಡು ವಾರ ಸತತವಾಗಿ ಮನಸ್ಸು ಕುಗ್ಗಿಯೇ ಇದ್ದರೆ, ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಉಳಿಯದೆ, ಜೊತೆಗೆ ನಿದ್ದೆ, ಹಸಿವು, ಓದು ಕೆಡುತ್ತಾ ಬಂದರೆ ವೈದ್ಯರ ಹತ್ತಿರ ಹೋಗಲೇಬೇಕು. ತಾನಾಗಿ ಸರಿಹೋಗಲಿ ಅಂತ ಸೆಮಿಸ್ಟರ್ ಮುಗಿಯುವವರೆಗೆ ಕಾಯಬೇಡಿ.

‘ಆರಾಮಿದ್ಯಾ?’ ಅಂದರೆ ‘ಅಡ್ಡಿಲ್ಲೆ’ ಅಂತಲೇ ಬರುತ್ತದೆ. ಅದರ ಬದಲು ಇವತ್ತು ಎಷ್ಟು ಹೊತ್ತಿಗೆ ಎದ್ದ, ನಿನ್ನೆ ರಾತ್ರಿ ಏನು ಬೇಯಿಸಿಕೊಂಡ, ಈ ವಾರ ಯಾರ ಜೊತೆ ಕೂತು ಊಟ ಮಾಡಿದ ಅಂತ ಕೇಳಿ. ಗಡಿಯಾರವನ್ನೂ ಗಮನಿಸಿ. ಚಳಿಗಾಲದಲ್ಲಿ ಟೊರಾಂಟೊ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಒಂಬತ್ತೂವರೆ. ನಮ್ಮ ಮಧ್ಯಾಹ್ನದ ಊಟದ ಹೊತ್ತಿಗೆ, ಒಂದೂವರೆಗೆ, ಅವನು ದಿನವೂ ಫೋನಿಗೆ ಸಿಗುತ್ತಿದ್ದಾನೆ ಅಂದರೆ ಅಲ್ಲಿ ರಾತ್ರಿ ಮೂರು ಗಂಟೆ! ನಿದ್ದೆ ತಲೆಕೆಳಗಾಗಿದೆ ಎನ್ನುವುದು ಅಲ್ಲಿಯೇ ಗೊತ್ತಾಗುತ್ತದೆ. ಎಷ್ಟೋ ಸಲ ಪಾರ್ಟ್‌ಟೈಮ್ ಕೆಲಸದ ರಾತ್ರಿ ಪಾಳಿಯೇ ಇದಕ್ಕೆ ಕಾರಣ. ಕ್ಲಾಸು ನಡೆಯುವಾಗ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ದುಡಿಯಲು ಅವಕಾಶವಿದೆ. ಅಷ್ಟನ್ನೂ ರಾತ್ರಿಯೇ ದುಡಿದು ಬೆಳಿಗ್ಗೆ ಕ್ಲಾಸಿಗೆ ಹೋಗುವವನ ಮನಸ್ಸು ಕುಗ್ಗದಿದ್ದರೇ ಆಶ್ಚರ್ಯ. ನೀವು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಅಲ್ಲಿ ಬೆಳಿಗ್ಗೆ ಹತ್ತೂವರೆ. ಎದ್ದು ಕಿಟಕಿಯ ಪರದೆ ಸರಿಸಲು ಅದೊಂದು ನೆಪವಾಗುತ್ತದೆ.

ಬೆಳಕು ಇಲ್ಲಿ ದೊಡ್ಡ ವಿಷಯ. ಡಿಸೆಂಬರ್ ಕೊನೆಯಲ್ಲೂ ಶಿರಸಿಯಲ್ಲಿ 11 ಗಂಟೆಗಿಂತ ಹೆಚ್ಚು ಹಗಲಿರುತ್ತದೆ, ಟೊರಾಂಟೊದಲ್ಲಿ 9 ಗಂಟೆಗಿಂತ ಕಡಿಮೆ. ನೆಲಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದರೆ ಅದೂ ಕಣ್ಣಿಗೆ ಬೀಳುವುದಿಲ್ಲ. ಚಳಿ ಎಷ್ಟೇ ಇರಲಿ, ಬೆಳಗಿನ ಹೊತ್ತು ಅರ್ಧ ಗಂಟೆ ಹೊರಗೆ ನಡೆಯಬೇಕು. ಸಂಜೆಯ ವಾಕಿಂಗಿನಿಂದ ಈ ಲಾಭ ಸಿಗುವುದಿಲ್ಲ, ಏಕೆಂದರೆ ಬೇಗ ನಿದ್ದೆ ಬಂದು ಬೇಗ ಎಚ್ಚರವಾಗುವಂತೆ ಮೈಯ ಗಡಿಯಾರವನ್ನು ಸರಿಸುವುದು ಬೆಳಗಿನ ಬೆಳಕು.

ಸುಸ್ತು, ಮಂಕಿಗೆ ಮೈಯೊಳಗಿನ ಕಾರಣವೂ ಇರಬಹುದು. ವೈದ್ಯರನ್ನು ಕಂಡಾಗ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಲು ಕೇಳಿಕೊಳ್ಳಲಿ. ಶುದ್ಧ ಸಸ್ಯಾಹಾರಿ ಮನೆಯ ಹುಡುಗ ಹಾಲು ಮೊಸರು ಬಿಟ್ಟು ಬ್ರೆಡ್ಡು, ನೂಡಲ್ಸ್ ಮೇಲೆ ದಿನ ತಳ್ಳುತ್ತಿದ್ದರೆ ಬಿ12 ಕಡಿಮೆಯಾಗುವುದು ಸಾಮಾನ್ಯ. ರಿಪೋರ್ಟ್ ವಾಟ್ಸ್ಯಾಪಿನಲ್ಲಿ ಬಂದಾಗ ಅನೇಕ ಮನೆಗಳಲ್ಲಿ ಗಾಬರಿಯಾಗುತ್ತದೆ, ಅಥವಾ ಸುಳ್ಳು ಸಮಾಧಾನವಾಗುತ್ತದೆ. ಅಲ್ಲಿನ ಅಳತೆಯ ಲೆಕ್ಕವೇ ಬೇರೆ. ಬಿ12 ನಮ್ಮ ಲ್ಯಾಬಿನ 200 ಇದ್ದರೆ ಅಲ್ಲಿ ಸುಮಾರು 148 ಎಂದು ಬರುತ್ತದೆ. ಡಿ ಜೀವಸತ್ವ ನಮ್ಮಲ್ಲಿ 20 ಅಂದರೆ ಅಲ್ಲಿ 50. ಹಾಗಾಗಿ ಅಲ್ಲಿನ 35 ನಮ್ಮ 14ಕ್ಕೆ ಸಮ, ಅಂದರೆ ಕೊರತೆ.

ಊರಿಂದ ಡಿ ಜೀವಸತ್ವದ 60,000 ಯುನಿಟ್ಟಿನ ಪೊಟ್ಟಣ ಕಳಿಸುವವರು ಒಂದು ಮಾತು ಕೇಳಬೇಕು. ಅದು ವೈದ್ಯರು ಹೇಳಿದಷ್ಟು ವಾರ, ವಾರಕ್ಕೊಂದರಂತೆ ತೆಗೆದುಕೊಳ್ಳುವ ಔಷಧ. ದಿನಕ್ಕೊಂದು ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ ಶುರುವಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 600 ಯುನಿಟ್, ವೈದ್ಯರ ಸಲಹೆಯಿಲ್ಲದೆ 4,000 ದಾಟಬಾರದು. ಕೆನಡಾದ ಹಸುವಿನ ಹಾಲಿಗೆ ಡಿ ಸೇರಿಸಿಯೇ ಮಾರುತ್ತಾರೆ, ದಿನಾ ಎರಡು ಲೋಟ ಕುಡಿಯಲಿ.

ತೋರಿಸುವುದೆಲ್ಲಿ? ಶುಲ್ಕದ ಜೊತೆ ಆರೋಗ್ಯ ವಿಮೆಯ ಹಣವನ್ನೂ ಕಟ್ಟಿರುತ್ತೀರಿ, ಆದರೆ ಆ ಕಾರ್ಡನ್ನು ಡೌನ್‌ಲೋಡ್ ಮಾಡಿಕೊಳ್ಳದ ಹುಡುಗರು ತುಂಬ. ಮೊದಲು ಅದನ್ನು ಮಾಡಿಸಿ. ಕಾಲೇಜಿನಲ್ಲೇ ಕೌನ್ಸೆಲರ್ ಇರುತ್ತಾರೆ. ಸಾಮಾನ್ಯ ಅಪಾಯಿಂಟ್‌ಮೆಂಟ್ ವಾರಗಟ್ಟಲೆ ತಡವಾಗಬಹುದು, ಸ್ಥಿತಿ ಕೆಟ್ಟಿದ್ದರೆ ಅದೇ ದಿನದ ತುರ್ತು ಭೇಟಿ ಬೇಕೆಂದು ಬಾಯಿಬಿಟ್ಟು ಕೇಳಬೇಕು. ಕುಟುಂಬ ವೈದ್ಯರಿಲ್ಲದವರು ವಾಕ್-ಇನ್ ಕ್ಲಿನಿಕ್ಕಿಗೆ (ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವ ಕ್ಲಿನಿಕ್ಕು) ಹೋಗಬಹುದು. ಮಾತ್ರೆ ಬರೆದುಕೊಟ್ಟರೆ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ವಾರದೊಳಗೆ ‘ಏನೂ ಉಪಯೋಗ ಆಗಲಿಲ್ಲ’ ಅಂತ ಬಿಟ್ಟುಬಿಡುವುದೇ ದೊಡ್ಡ ತಪ್ಪು. ಶುರುವಿನ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಈಗ ನಿಮ್ಮ ಕೆಲಸ. ಅಲ್ಲಿನ ತುರ್ತು ಸೇವೆಯ ನಂಬರು 911. ಆದರೆ ಶಿರಸಿಯಿಂದ ಅದನ್ನು ಒತ್ತಿದರೆ ಟೊರಾಂಟೊದ ಆಂಬುಲೆನ್ಸ್ ಬರುವುದಿಲ್ಲ. ಕಾಲೇಜಿನ ಸೆಕ್ಯುರಿಟಿಯ ಹತ್ತು ಅಂಕಿಯ ನಂಬರು (ಮುಂದೆ +1), ರೂಮ್‌ಮೇಟ್, ಮನೆ ಮಾಲೀಕರ ನಂಬರು, ಮಗನ ಪೂರ್ತಿ ವಿಳಾಸ, ವಿಮೆ ಕಾರ್ಡಿನ ಫೋಟೊ ಇವಿಷ್ಟು ಇವತ್ತೇ ಬರೆದಿಟ್ಟುಕೊಳ್ಳಿ. ವಯಸ್ಕನಾದ ಮಗನ ಬಗ್ಗೆ ಅವನ ಒಪ್ಪಿಗೆಯಿಲ್ಲದೆ ಅಲ್ಲಿನ ವೈದ್ಯರೂ ಕಾಲೇಜೂ ಸಾಮಾನ್ಯವಾಗಿ ನಿಮಗೆ ಏನೂ ಹೇಳುವುದಿಲ್ಲ. ಅದು ಉಪೇಕ್ಷೆಯಲ್ಲ, ಕಾನೂನು. ತುರ್ತು ಸಂಪರ್ಕದ ಜಾಗದಲ್ಲಿ ನಿಮ್ಮ ಹೆಸರು ಬರೆಸಿ, ಒಪ್ಪಿಗೆಯ ಫಾರ್ಮಿಗೆ ಅವನು ಆರಾಮಿರುವಾಗಲೇ ಸಹಿ ಹಾಕಲಿ.

‘ಸಾಯಬೇಕು ಅನ್ನಿಸುತ್ತದಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಬಚ್ಚಿಟ್ಟದ್ದು ಹೊರಬರುತ್ತದೆ. ಹೌದೆಂದರೆ ಅವನು ಕೆನಡಾದೊಳಗಿಂದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಅಥವಾ ಮೆಸೇಜ್ ಮಾಡಬಹುದು, ಹಗಲು ರಾತ್ರಿ ಸಿಗುತ್ತಾರೆ. ಪಕ್ಕದಲ್ಲಿ ಯಾರಾದರೂ ಬರುವವರೆಗೆ ಫೋನ್ ಇಡಬೇಡಿ. ಜೀವಕ್ಕೆ ಅಪಾಯ ಕಂಡರೆ ರೂಮ್‌ಮೇಟ್ ಕೈಯಲ್ಲಿ 911 ಮಾಡಿಸಿ. ಹೇಗೆ ಮಾತಾಡುವುದೆಂದು ನಿಮಗೇ ದಿಕ್ಕು ತೋಚದಿದ್ದರೆ ಇಲ್ಲಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಫೋನಿನಲ್ಲಿ ಸಾಲದ ಕಂತಿನ ಸುದ್ದಿ, ಪಕ್ಕದ ಮನೆಯ ಹುಡುಗನ ಕೆಲಸದ ಸುದ್ದಿ ಸದ್ಯ ಬೇಡ. ತೋಟ ಅಡವಿಟ್ಟು ಕಳಿಸಿದ್ದಾರೆ ಎಂಬುದು ಅವನಿಗೆ ಯಾರೂ ನೆನಪಿಸದೆಯೇ ಗೊತ್ತಿದೆ, ಅನೇಕರು ಬಾಯಿಬಿಡದಿರುವುದೂ ಅದೇ ಕಾರಣಕ್ಕೆ. ಓದು ನಿಲ್ಲಿಸಿದರೆ ವೀಸಾ ಹೋಗುತ್ತದೆ ಎಂಬ ಭಯವೂ ಇರುತ್ತದೆ. ಆದರೆ ಅನಾರೋಗ್ಯಕ್ಕೆ ಕಾಲೇಜಿನ ಒಪ್ಪಿಗೆ ಪಡೆದು 150 ದಿನಗಳವರೆಗೆ ರಜೆ ತೆಗೆದುಕೊಳ್ಳಲು ಅವಕಾಶವಿದೆ. ಆ ದಿನಗಳಲ್ಲಿ ಅಲ್ಲಿ ಪಾರ್ಟ್‌ಟೈಮ್ ಕೆಲಸವನ್ನೂ ಮಾಡುವಂತಿಲ್ಲ, ಆದ್ದರಿಂದ ಊರಿಗೆ ಬರುವುದೇ ಮೇಲು. ಬಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅಥವಾ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಚಿಕಿತ್ಸೆ ಮುಂದುವರಿಸಬಹುದು. ಹೊರಡುವ ಮೊದಲು ವೈದ್ಯರ ಪತ್ರ, ಕಾಲೇಜಿನ ರಜೆ ಪತ್ರ, ಮಾತ್ರೆಯ ರಾಸಾಯನಿಕ ಹೆಸರಿರುವ ಚೀಟಿ ಮೂರನ್ನೂ ತಪ್ಪದೆ ಪಡೆದುಕೊಳ್ಳಲಿ. ಮೊದಲೆರಡು ಪತ್ರಗಳನ್ನು ಮುಂದೆ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕುವಾಗ ಕೇಳಬಹುದು.