ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳು: ಚಿತ್ರ ಬಂದ ಮೇಲೂ ಉಳಿದ ತೊಡಕುಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯಾಗಲಿ ಹೊಸ ತಲೆಮಾರಿನ ಪ್ರೊಸೆಸರ್ ಆಗಲಿ ಇಲ್ಲದ, ಅಕ್ಕನೋ ಅಣ್ಣನೋ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಮೈಸೂರಿನ ಸರಸ್ವತಿಪುರಂ, ಕುವೆಂಪುನಗರಗಳ ವಿದ್ಯಾರ್ಥಿ ಕೋಣೆಗಳಲ್ಲಿ ಇನ್ನೂ ಓಡುತ್ತಿವೆ. ಅಂಥವಕ್ಕೆ ವಿಂಡೋಸ್ ಬದಲು ಉಚಿತ ಲಿನಕ್ಸ್ ವ್ಯವಸ್ಥೆಗಳಾದ ಉಬುಂಟುವನ್ನೋ ಮಿಂಟ್ ಅನ್ನೋ ಹಾಕಿಕೊಳ್ಳಲು ಹೊರಟವರು ಮೊದಲು ಕೇಳುವುದು ತಮ್ಮ ಗೇಮ್‌ಗಳ ಗತಿಯೇನು ಎಂದು. ಬಹುಪಾಲು ಓಡುತ್ತವೆ ಎಂದು ಇಂದು ಧೈರ್ಯವಾಗಿ ಹೇಳಬಹುದು. ಆದರೆ ಈ ಸ್ಥಿತಿಗೆ ಬಂದ ಚರಿತ್ರೆಯನ್ನು ಗ್ರಾಫಿಕ್ಸ್‌ನ ಗೆಲುವೆಂದಷ್ಟೇ ಹೇಳುವುದು ರೂಢಿಯಾಗಿದೆ. ಒಂದು ಪಾತ್ರದ ನೆನಪು, ಅಳಲು, ಅನುಮಾನಗಳನ್ನು ಮಾತಿನಲ್ಲೇ ಬಿಡಿಸುತ್ತ ಹೋಗುವ ಕಥನಪ್ರಧಾನ ಆಟಗಳನ್ನು ಮೆಚ್ಚುವವರಿಗೆ ಎದುರಾದ ಅಡ್ಡಿಗಳು ಬೇರೆಯವು. ಅಕ್ಷರ, ವಿಡಿಯೋ ಮತ್ತು ಆಟ ಎಲ್ಲಿಗೆ ನಿಂತಿತೆಂದು ಕಾಪಿಡುವ ಸೇವ್ ಫೈಲ್‌ಗಳಿಗೆ ಸಂಬಂಧಿಸಿದವು.

1993ರಲ್ಲಿ ಆರಂಭವಾಗಿ, ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅವರ ನೇತೃತ್ವದಲ್ಲಿ ಬೆಳೆದ ವೈನ್ ಯೋಜನೆ ಈ ಎಲ್ಲಕ್ಕೂ ಬುನಾದಿ. ವಿಂಡೋಸ್ ತಂತ್ರಾಂಶವು ವಿಂಡೋಸ್‌ಗೆಂದು ಸಲ್ಲಿಸುವ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುವ ದುಭಾಷಿ ಇದು. ಇದರೊಳಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಇರುವುದಿಲ್ಲ. ವೈನ್ 1.0 ಹೊರಬಂದದ್ದು 2008ರ ಜೂನ್‌ನಲ್ಲಿ, ಅಂದರೆ ಹದಿನೈದು ವರ್ಷಗಳ ಬಳಿಕ. ಈ ನಡುವೆ ಟ್ರಾನ್ಸ್‌ಗೇಮಿಂಗ್ ಎಂಬ ಕಂಪನಿಯು ವೈನ್‌ನ ಕೋಡ್ ಪಡೆದು, ಆಟಗಳಿಗೆ ಚಿತ್ರ, ಧ್ವನಿ ಒದಗಿಸುವ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್‌ಗೆ ಬೇಕಾದ ಕೆಲಸವನ್ನು ಸೇರಿಸಿ ತನ್ನದೇ ಉತ್ಪನ್ನವಾಗಿ ಮಾರತೊಡಗಿತು. ಪಡೆದವರು ತಿದ್ದುಪಡಿಗಳನ್ನು ಮರಳಿ ತೆರೆದಿಡಬೇಕೆಂಬ ಷರತ್ತು ಹಳೆಯ ಪರವಾನಗಿಯಲ್ಲಿ ಇರಲಿಲ್ಲ. 2002ರಲ್ಲಿ ವೈನ್ ಆ ಷರತ್ತಿರುವ ಎಲ್‌ಜಿಪಿಎಲ್ ಪರವಾನಗಿಗೆ ಬದಲಾಯಿತು. ಈ ಇತಿಹಾಸದಲ್ಲಿ ಅತ್ಯಂತ ದೂರದೃಷ್ಟಿಯ ನಿರ್ಧಾರ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ: ಮುಂದೆ ದೊಡ್ಡ ಕಂಪನಿಯೊಂದು ಹಣ ಹೂಡಿದಾಗ ಅದರ ಫಲ ಎಲ್ಲರಿಗೂ ದಕ್ಕಿದ್ದು ಈ ಷರತ್ತಿನಿಂದ.

ಆ ಕಂಪನಿ, ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್. ಮೈಕ್ರೋಸಾಫ್ಟ್‌ನ ಸ್ವಂತ ಸ್ಟೋರ್‌ನೊಂದಿಗೆ 2012ರಲ್ಲಿ ವಿಂಡೋಸ್ 8 ಬಂದಾಗ ತನ್ನ ವ್ಯಾಪಾರಕ್ಕೆ ಕುತ್ತು ಬರಬಹುದೆಂದು ಎಣಿಸಿದ ವಾಲ್ವ್, 2013ರ ಫೆಬ್ರವರಿಯಲ್ಲಿ ಲಿನಕ್ಸ್‌ಗೆ ಸ್ಟೀಮ್ ತಂದಿತು. ಲಿನಕ್ಸ್‌ಗೆಂದೇ ಮರುರೂಪಿಸಿದ ಆಟಗಳನ್ನು ನೆಚ್ಚಿಕೊಂಡ ಸ್ಟೀಮ್ ಮಷಿನ್ ಎಂಬ ಗೇಮಿಂಗ್ ಕಂಪ್ಯೂಟರ್‌ಗಳು 2015ರಲ್ಲಿ ಬಂದು ಸೋತವು. 2016ರಲ್ಲಿ ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬಂದ ಮೇಲೆ ಫಿಲಿಪ್ ರೆಬೋಲೆ ಅವರು ಡೈರೆಕ್ಟ್‌ಎಕ್ಸ್‌ನ ಚಿತ್ರಭಾಗವಾದ ಡೈರೆಕ್ಟ್3ಡಿಯ ಆದೇಶಗಳನ್ನು ವಲ್ಕನ್‌ಗೆ ದಾಟಿಸುವ ಡಿಎಕ್ಸ್‌ವಿಕೆ ಬರೆದರು. ಇದನ್ನೂ ವೈನ್ ಅನ್ನೂ ಬೆಸೆದ ವಾಲ್ವ್‌ನ ಪ್ರೋಟಾನ್ 2018ರ ಆಗಸ್ಟ್ 21ರಂದು 27 ಆಟಗಳ ಪಟ್ಟಿಯೊಂದಿಗೆ ಬಿಡುಗಡೆಯಾಯಿತು. 2022ರ ಫೆಬ್ರವರಿಯಲ್ಲಿ ಬಂದ, ವಾಲ್ವ್‌ನ ಕೈಯಲ್ಲಿ ಹಿಡಿದಾಡುವ ಗೇಮಿಂಗ್ ಸಾಧನ ಸ್ಟೀಮ್ ಡೆಕ್ ಅದನ್ನೇ ನೆಚ್ಚಿಕೊಂಡಿದೆ. ಇಲ್ಲಿಗೆ ಚಿತ್ರದ ತೊಡಕು ಬಹುಮಟ್ಟಿಗೆ ಕಳೆಯಿತು.

ಓದಿ ಆಡುವ ಆಟದ ತೊಡಕು ಅಲ್ಲಿಗೆ ಮುಗಿಯಲಿಲ್ಲ. ಏರಿಯಲ್‌ನಂಥ ಫಾಂಟ್‌ಗಳು ಖಾಸಗಿ ಸ್ವತ್ತಾದ್ದರಿಂದ ವೈನ್ ಅವನ್ನು ತನ್ನೊಡನೆ ಹಂಚುವಂತಿಲ್ಲ. ಆಟವು ಏರಿಯಲ್ ಕೇಳಿ, ಅಗಲ ಬೇರೆಯಿರುವ ಇನ್ನೊಂದು ಫಾಂಟ್ ಸಿಕ್ಕರೆ ಸಾಲು ಬೇರೆಡೆ ಮುರಿಯುತ್ತದೆ, ಸಂಭಾಷಣೆಯ ಚೌಕಟ್ಟಿನಲ್ಲಿ ಮೂರನೆಯ ಸಾಲಿನ ಕೆಳಗರ್ಧ ಕತ್ತರಿಸಿಹೋಗುತ್ತದೆ. ಓಟ ಹೊಡೆದಾಟದ ಆಟದಲ್ಲಿ ಇದು ಕಣ್ಣಿಗೇ ಬೀಳದು. ಮಾತೇ ಸರ್ವಸ್ವವಾದ ಆಟದಲ್ಲಿ ಅದು ಪುಸ್ತಕದ ಹಾಳೆ ಹರಿದಂತೆ. ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂ ಫಾಂಟ್‌ಗಳ ಅಳತೆಗೇ ಹೊಂದುವ ಲಿಬರೇಶನ್ ಫಾಂಟ್‌ಗಳನ್ನು ರೆಡ್ ಹ್ಯಾಟ್ 2007ರಲ್ಲಿ ಉಚಿತವಾಗಿ ಕೊಟ್ಟದ್ದು ಈ ಕಾರಣಕ್ಕೆ ದೊಡ್ಡ ಉಪಕಾರ. ಒಬ್ಬಿಬ್ಬರೇ ಕೂಡಿ ಆರ್‌ಪಿಜಿ ಮೇಕರ್ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಹಳೆಯ ಜಪಾನೀಸ್ ಆಟಗಳಿಗಂತೂ ಲೋಕೇಲ್ ಅನ್ನೇ, ಅಂದರೆ ಭಾಷೆಯ ಸೆಟ್ಟಿಂಗ್ ಅನ್ನೇ, ಜಪಾನೀಸ್‌ಗೆ ಬದಲಿಸಬೇಕಾಗುತ್ತದೆ. ಇಲ್ಲವಾದರೆ ಅಕ್ಷರಗಳು ಕಲಸುಮೇಲೋಗರವಾಗುತ್ತವೆ.

ವಿಡಿಯೋದ್ದು ಕಾನೂನಿನ ತೊಡಕು. ಅನೇಕ ಆಟಗಳು ಕಥೆಯ ನಡುವಿನ ದೃಶ್ಯಗಳನ್ನು ಮೈಕ್ರೋಸಾಫ್ಟ್‌ನ ಮೀಡಿಯಾ ಫೌಂಡೇಶನ್ ಎಂಬ ವಿಡಿಯೋ ವ್ಯವಸ್ಥೆಯ ಮೂಲಕ ತೋರಿಸುತ್ತವೆ. ಅದಕ್ಕೆ ಬೇಕಾದ ಕೋಡೆಕ್‌ಗಳಲ್ಲಿ, ಅಂದರೆ ವಿಡಿಯೋ ಬಿಡಿಸಿ ತೋರಿಸುವ ತಂತ್ರಾಂಶಗಳಲ್ಲಿ, ಕೆಲವು ಪೇಟೆಂಟ್‌ಗೆ ಒಳಪಟ್ಟವಾದ್ದರಿಂದ ಪ್ರೋಟಾನ್‌ನೊಂದಿಗೆ ಸುಲಭವಾಗಿ ಹಂಚುವಂತಿರಲಿಲ್ಲ. ಹೀಗಾಗಿ ತಾಯಿ ಮಗಳಿಗೆ ನಿಜ ಹೇಳಬೇಕಾದ ದೃಶ್ಯದ ಬದಲು ಪರದೆಯ ತುಂಬ ಹಳೆಯ ದೂರದರ್ಶನದ ಬಣ್ಣದ ಪಟ್ಟಿಗಳು ನಿಲ್ಲುತ್ತಿದ್ದವು. ವಾಲ್ವ್ ಆ ವಿಡಿಯೋಗಳನ್ನು ಬೇರೆ ಸ್ವರೂಪಕ್ಕೆ ಪರಿವರ್ತಿಸಿ ಆಟದ ಗ್ರಾಫಿಕ್ಸ್‌ಗೆಂದು ಸ್ಟೀಮ್ ಮೊದಲೇ ಇಳಿಸಿಕೊಡುವ ಶೇಡರ್ ಕ್ಯಾಶ್ ಎಂಬ ಕಡತಗಳೊಂದಿಗೆ ಕಳುಹಿಸತೊಡಗಿತು. ಸ್ಟೀಮ್‌ನ ಹೊರಗೆ ಕೊಂಡ ಆಟಕ್ಕೆ ಈ ಸೌಲಭ್ಯವಿಲ್ಲ. ಅಂಥವರಿಗೆ ಸಮುದಾಯವು ತಿದ್ದಿ ಕೊಡುವ ಪ್ರೋಟಾನ್ ಆವೃತ್ತಿಯಾದ ಜಿಇ-ಪ್ರೋಟಾನ್ ನೆರವಾಗುತ್ತದೆ.

ಆನ್‌ಲೈನ್ ಸ್ಪರ್ಧೆಯ ಕೆಲವು ಜನಪ್ರಿಯ ಆಟಗಳು ಮೋಸ ತಡೆಯುವ ತಂತ್ರಾಂಶದ ಕಾರಣ ಇಂದಿಗೂ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಒಬ್ಬರೇ ಕುಳಿತು ಆಡುವ ಕಥೆಯ ಆಟಗಳಿಗೆ ಆ ಚಿಂತೆಯಿಲ್ಲ, ಆದರೆ ಸೇವ್ ಫೈಲ್ ಇರುವ ಜಾಗವನ್ನು ತಿಳಿದಿರಬೇಕು. ಪ್ರೋಟಾನ್ ಪ್ರತಿ ಆಟಕ್ಕೂ ಕಾಂಪ್ಯಾಟ್‌ಡೇಟಾ ಎಂಬ ಫೋಲ್ಡರ್‌ನೊಳಗೆ, ಆಟದ ಸಂಖ್ಯೆಯ ಹೆಸರಿನಲ್ಲಿ, ಒಂದು ಪುಟ್ಟ ಸಿ ಡ್ರೈವ್ ಕಟ್ಟುತ್ತದೆ. ಅದರಲ್ಲಿ ಸ್ಟೀಮ್‌ಯೂಸರ್ ಎಂಬ ಬಳಕೆದಾರನೂ ಅವನ ಡಾಕ್ಯುಮೆಂಟ್ಸ್, ಆ್ಯಪ್‌ಡೇಟಾ ಫೋಲ್ಡರ್‌ಗಳೂ ಇರುತ್ತವೆ. ಆಟ ಕೆಟ್ಟಾಗ ಆ ಸಂಖ್ಯೆಯ ಫೋಲ್ಡರ್ ಅಳಿಸಿ ಮತ್ತೆ ಆರಂಭಿಸಿ ಎಂದು ಸಲಹೆ ಕೊಡುವವರು ಬಹಳ. ಸೇವ್ ಫೈಲ್‌ನ ಪ್ರತಿಯನ್ನು ಇಂಟರ್ನೆಟ್‌ನಲ್ಲಿ ಕಾಪಿಡುವ ಕ್ಲೌಡ್ ಸೇವ್ ಇಲ್ಲದ ಸಣ್ಣ ಆಟವಾದರೆ ಅದರೊಂದಿಗೆ ಅಷ್ಟೂ ಕಥೆ ಹೋಗುತ್ತದೆ. ಹಳೆಯ ವಿಂಡೋಸ್ ಅಳಿಸುವ ಮೊದಲು ಅಲ್ಲಿನ ಸೇವ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲಿಸಿಟ್ಟುಕೊಂಡು, ಲಿನಕ್ಸ್‌ನಲ್ಲಿ ಆಟವನ್ನು ಒಮ್ಮೆ ತೆರೆದು ಮುಚ್ಚಿ, ಸ್ಟೀಮ್‌ಯೂಸರ್‌ನ ಅದೇ ಫೋಲ್ಡರ್‌ಗೆ ಹಾಕಿದರೆ ಸಾಮಾನ್ಯವಾಗಿ ಕಥೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.