ಒಬ್ಬನಿಗಾಗಿ ಬರಿದಾದ ತಂಡಗಳು: ಲೆಬ್ರಾನ್ ಜೇಮ್ಸ್ ಮತ್ತು ಕಾಯುವಿಕೆಯ ಬೆಲೆ

2008ರ ನವೆಂಬರ್ 21ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ನ್ಯೂಯಾರ್ಕ್ ನಿಕ್ಸ್ ತಂಡ ಅತಿ ಹೆಚ್ಚು ಅಂಕ ಗಳಿಸುತ್ತಿದ್ದ ತನ್ನ ಇಬ್ಬರು ಆಟಗಾರರನ್ನು ಒಂದೇ ದಿನ ಬಿಟ್ಟುಕೊಟ್ಟಿತು. ಜಮಾಲ್ ಕ್ರಾಫರ್ಡ್ ಗೋಲ್ಡನ್ ಸ್ಟೇಟ್‌ಗೂ ಜ್ಯಾಕ್ ರಾಂಡಾಲ್ಫ್ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೂ ಹೋದರು. ಋತು ಆರಂಭವಾಗಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಬದಲಿಗೆ ಬಂದವರು ಇವರಿಗಿಂತ ಉತ್ತಮ ಆಟಗಾರರೇನೂ ಅಲ್ಲ; ಅವರ ಒಪ್ಪಂದಗಳು 2010ರ ಬೇಸಿಗೆಯ ಹೊತ್ತಿಗೆ ಮುಗಿಯುತ್ತವೆ ಎಂಬುದೇ ಅವರಲ್ಲಿದ್ದ ದೊಡ್ಡ ಗುಣ. ಆ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್‌ನ ಲೆಬ್ರಾನ್ ಜೇಮ್ಸ್ ಒಪ್ಪಂದದಿಂದ ಮುಕ್ತರಾಗಿ, ತಮಗೆ ಬೇಕಾದ ತಂಡ ಸೇರಬಹುದಿತ್ತು. ಅವರನ್ನು ಕೊಳ್ಳಲು ಹಣವಿದ್ದರೆ ಸಾಲದು, ತಂಡದ ಒಟ್ಟು ಸಂಬಳಕ್ಕೆ ಮಿತಿಯಿದ್ದುದರಿಂದ ಆ ಹಣ ಕೊಡಲು ಲೆಕ್ಕಪುಸ್ತಕದಲ್ಲಿ ಜಾಗವೂ ಇರಬೇಕು. ಆ ಜಾಗಕ್ಕಾಗಿ ನಿಕ್ಸ್ ಎರಡು ಋತುಗಳನ್ನು ತೆರಲು ಸಿದ್ಧವಾಗಿತ್ತು.

ಆಟಗಾರನೊಬ್ಬನ ನಿರೀಕ್ಷೆಯಲ್ಲಿ ತಂಡಗಳು ತಮ್ಮನ್ನು ತಾವೇ ಬರಿದು ಮಾಡಿಕೊಂಡದ್ದು ಅದು ಮೊದಲ ಸಲವಲ್ಲ. ಇದೇ ಲೆಬ್ರಾನ್‌ಗಾಗಿ, ಅವರಿನ್ನೂ ಶಾಲೆಯಲ್ಲಿದ್ದಾಗಲೇ, ಇಂಥದೊಂದು ಪ್ರಸಂಗ ನಡೆದಿತ್ತು.

ಲೆಬ್ರಾನ್ ಹುಟ್ಟಿದ್ದು 1984ರ ಡಿಸೆಂಬರ್ 30ರಂದು, ಒಹಾಯೊ ರಾಜ್ಯದ ಆಕ್ರನ್‌ನಲ್ಲಿ. ಒಂದು ಕಾಲಕ್ಕೆ ಟೈರ್ ಕಾರ್ಖಾನೆಗಳಿಂದ ಹೆಸರಾಗಿ, ಅವು ಒಂದೊಂದಾಗಿ ಮುಚ್ಚಿದಂತೆ ಕಳೆಗುಂದಿದ ಊರದು. ತಾಯಿ ಗ್ಲೋರಿಯಾಗೆ ಆಗ 16 ವರ್ಷ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದಾಡುತ್ತಿದ್ದ ಆ ದಿನಗಳಲ್ಲಿ, ನಾಲ್ಕನೇ ತರಗತಿಯ ಹುಡುಗ ಶಾಲೆಗೆ ಹೋದದ್ದಕ್ಕಿಂತ ತಪ್ಪಿಸಿಕೊಂಡದ್ದರ ಮಾತೇ ಇಂದಿಗೂ ಹೆಚ್ಚು ಕೇಳಿಬರುತ್ತದೆ. ಕೊನೆಗೆ ಮಕ್ಕಳ ಫುಟ್‌ಬಾಲ್ ತರಬೇತುದಾರರೊಬ್ಬರ ಮನೆಯಲ್ಲಿ ಅವನಿಗೆ ಆಸರೆ ದೊರೆಯಿತು. ಶಾಲೆಯೂ ಆಟವೂ ಹದಕ್ಕೆ ಬಂದವು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಜತೆಯಾದ ಗೆಳೆಯರು ಬೇರೆಯಾಗಲೊಪ್ಪದೆ ಒಟ್ಟಿಗೇ ಸೇಂಟ್ ವಿನ್ಸೆಂಟ್–ಸೇಂಟ್ ಮೇರಿ ಎಂಬ ಕ್ಯಾಥೊಲಿಕ್ ಪ್ರೌಢಶಾಲೆಯನ್ನು ಸೇರಿದರು. ಬಿಳಿಯ ವಿದ್ಯಾರ್ಥಿಗಳೇ ಹೆಚ್ಚಿದ್ದ ಆ ಖಾಸಗಿ ಶಾಲೆಗೆ ಹೋದದ್ದಕ್ಕೆ ಊರಿನ ಕಪ್ಪು ಜನರಲ್ಲಿ ಕೆಲವರಿಗೆ ಅಸಮಾಧಾನವೂ ಇತ್ತು. ಮೊದಲ ವರ್ಷ ಆ ತಂಡ 27 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ನಾಲ್ಕು ವರ್ಷಗಳಲ್ಲಿ ಮೂರು ಸಲ ರಾಜ್ಯ ಪ್ರಶಸ್ತಿ ಬಂತು. ನೋಡುವವರ ನೂಕುನುಗ್ಗಲು ತಾಳಲಾರದೆ ತವರು ಪಂದ್ಯಗಳನ್ನು ಶಾಲೆಯ ಅಂಗಳದಿಂದ ಆಕ್ರನ್ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಸಾಗಿಸಬೇಕಾಯಿತು.

2002ರ ಫೆಬ್ರವರಿಯಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಹದಿನೇಳರ ಈ ಹುಡುಗನನ್ನು ಮುಖಪುಟಕ್ಕೆ ತಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನ ಶಾಲೆಯ ಪಂದ್ಯವೊಂದು ರಾಷ್ಟ್ರೀಯ ವಾಹಿನಿಯಲ್ಲಿ ನೇರಪ್ರಸಾರವಾಯಿತು. ಇಷ್ಟೆಲ್ಲದರಿಂದ ಆಟಗಾರನಿಗೆ ಮಾತ್ರ ಒಂದು ಡಾಲರ್ ಕೂಡ ಬರುವಂತಿರಲಿಲ್ಲ. ಅಂಗಡಿಯೊಂದು 845 ಡಾಲರ್ ಬೆಲೆಯ ಎರಡು ಜೆರ್ಸಿಗಳನ್ನು ಉಚಿತವಾಗಿ ಕೊಟ್ಟಿತೆಂಬ ಕಾರಣಕ್ಕೆ 2003ರಲ್ಲಿ ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ ಅವನನ್ನು ಅನರ್ಹಗೊಳಿಸಿತು; ನ್ಯಾಯಾಲಯದ ಮೆಟ್ಟಿಲೇರಿದ ಮೇಲೆಯೇ ಅವನು ಅಂಗಳಕ್ಕೆ ಮರಳಿದ್ದು. ಕೆಲವೇ ತಿಂಗಳಲ್ಲಿ ಇದೇ ಹುಡುಗ ನೈಕಿ ಜೊತೆ ಸುಮಾರು 9 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ ಎಂಬುದನ್ನು ನೆನೆದರೆ, ಆ ಜೆರ್ಸಿಗಳ ಮೇಲೆ ನಡೆದ ವಿಚಾರಣೆಗೆ ನಗಬೇಕೋ ಮರುಗಬೇಕೋ ತಿಳಿಯದು.

ಇನ್ನು ತಂಡಗಳ ವಿಷಯ. ಐಪಿಎಲ್ ಹರಾಜನ್ನು ಕಂಡ ನಮಗೆ ಎನ್‌ಬಿಎಯ ಡ್ರಾಫ್ಟ್ ತುಸು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಹೊಸಬರನ್ನು ಯಾರೂ ಕೂಗಿ ಕೊಳ್ಳುವುದಿಲ್ಲ. ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಸರದಿಯ ಮೇಲಿನ ಸ್ಥಾನಗಳನ್ನು ಲಾಟರಿ ನಿರ್ಧರಿಸುತ್ತದೆ, ಮತ್ತು ಹೆಚ್ಚು ಸೋತವರಿಗೆ ಲಾಟರಿಯಲ್ಲಿ ಹೆಚ್ಚು ಅವಕಾಶ. ದುರ್ಬಲರನ್ನು ಎತ್ತಿ ಹಿಡಿಯಲೆಂದು ಮಾಡಿದ ಈ ನಿಯಮ, ದೊಡ್ಡ ಪ್ರತಿಭೆಯೊಂದು ಬಾಗಿಲಲ್ಲಿ ನಿಂತಾಗ ಸೋಲನ್ನೇ ಬಂಡವಾಳವಾಗಿಸುತ್ತದೆ. ಆಕ್ರನ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಹಿಡಿಯದಷ್ಟು ಹತ್ತಿರದ ಕ್ಲೀವ್‌ಲ್ಯಾಂಡ್‌ಗೆ ಈ ಆಸೆ ಎಲ್ಲರಿಗಿಂತ ಹೆಚ್ಚಿತ್ತು. 2002ರಲ್ಲಿ, ಲೆಬ್ರಾನ್‌ಗೆ ಇನ್ನೂ ಒಂದು ವರ್ಷದ ಓದು ಬಾಕಿಯಿರುವಾಗಲೇ, ಕ್ಯಾವಲಿಯರ್ಸ್ ಅವನನ್ನು ತಮ್ಮ ಅಂಗಳಕ್ಕೆ ಅಭ್ಯಾಸಕ್ಕೆ ಬಿಟ್ಟುಕೊಂಡರು. ನಿಯಮಬಾಹಿರವಾದ ಈ ಆತುರಕ್ಕೆ ತಂಡ 1,50,000 ಡಾಲರ್ ದಂಡ ತೆತ್ತಿತು, ತರಬೇತುದಾರ ಜಾನ್ ಲೂಕಸ್ ಎರಡು ಪಂದ್ಯಗಳ ಅಮಾನತು ಅನುಭವಿಸಿದರು. ಅದೇ ಬೇಸಿಗೆಯಲ್ಲಿ ತಂಡ ಆಟ ನಡೆಸುವ ತನ್ನ ಮುಖ್ಯ ಆಟಗಾರ (ಪಾಯಿಂಟ್ ಗಾರ್ಡ್) ಆಂಡ್ರೆ ಮಿಲ್ಲರ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು, ಹದಿಹರೆಯ ಆಗಷ್ಟೇ ದಾಟುತ್ತಿದ್ದ ಡೇರಿಯಸ್ ಮೈಲ್ಸ್‌ನನ್ನು ಪಡೆಯಿತು. ಋತುವಿನ ಲೆಕ್ಕ 17 ಗೆಲುವು, 65 ಸೋಲು. ಲೂಕಸ್ ಜನವರಿಯಲ್ಲೇ ಕೆಲಸ ಕಳೆದುಕೊಂಡರು. ಲೆಬ್ರಾನ್‌ನನ್ನು ಪಡೆಯುವುದೇ ಅಂದಿನ ಗುರಿಯಾಗಿತ್ತೆಂದು ಅವರೇ ಮುಂದೆ ಬಾಯಿಬಿಟ್ಟರು.

ಆದರೂ ಲಾಟರಿಯಲ್ಲಿ ಗೆಲುವು ಖಚಿತವಿರಲಿಲ್ಲ. ಡೆನ್ವರ್ ನಗೆಟ್ಸ್ ಕೂಡ ಸರಿಯಾಗಿ 17–65ಕ್ಕೇ ನಿಂತಿತ್ತು. ಇಬ್ಬರಿಗೂ ಮೊದಲ ಸ್ಥಾನದ ಸಾಧ್ಯತೆ ಶೇ. 22.5. 2003ರ ಮೇ 22ರಂದು ನ್ಯೂಜೆರ್ಸಿಯ ಸೆಕಾಕಸ್‌ನಲ್ಲಿ ಲಾಟರಿ ತೆರೆದಾಗ ಕೊನೆಗೆ ಉಳಿದದ್ದು ಕ್ಲೀವ್‌ಲ್ಯಾಂಡ್ ಮತ್ತು ಮೆಂಫಿಸ್ ಗ್ರಿಜ್ಲೀಸ್. ಈ ಕಥೆಯಲ್ಲಿ ನನಗೆ ಅತ್ಯಂತ ಕನಿಕರ ಹುಟ್ಟಿಸುವುದು ಮೆಂಫಿಸ್. 1997ರಲ್ಲಿ, ಇನ್ನೂ ವ್ಯಾಂಕೂವರ್‌ನಲ್ಲಿದ್ದಾಗ, ಆ ತಂಡ ಓಟಿಸ್ ಥಾರ್ಪ್ ಎಂಬ ಹಿರಿಯ ಆಟಗಾರನಿಗಾಗಿ ಮುಂದೊಂದು ದಿನದ ತನ್ನ ಡ್ರಾಫ್ಟ್ ಆಯ್ಕೆಯನ್ನು ಡೆಟ್ರಾಯ್ಟ್‌ಗೆ ಬರೆದುಕೊಟ್ಟಿತ್ತು. ಷರತ್ತಿನ ಪ್ರಕಾರ ಅದು 2003ರಲ್ಲಿ ಮೆಂಫಿಸ್ ಬಳಿಯೇ ಉಳಿಯಬೇಕಾದರೆ ಮೊದಲ ಸ್ಥಾನವೇ ಬರಬೇಕು. ಬಂದದ್ದು ಎರಡನೆಯದು. ಒಂದು ಲಕೋಟೆಯ ಅಂತರದಲ್ಲಿ ಲೆಬ್ರಾನ್ ಕೈತಪ್ಪಿದರು, ಮತ್ತು ಕೈಯಲ್ಲಿ ಉಳಿದದ್ದು ಸೊನ್ನೆ. ಆ ಎರಡನೇ ಆಯ್ಕೆಯನ್ನು ಪಡೆದ ಡೆಟ್ರಾಯ್ಟ್, ಮುಂದೆ ತಾರೆಗಳಾದ ಕಾರ್ಮೆಲೊ ಆಂಟನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ಇವರೆಲ್ಲರನ್ನೂ ಬಿಟ್ಟು ಡಾರ್ಕೊ ಮಿಲಿಚಿಚ್‌ನನ್ನು ಆರಿಸಿತು ಎಂಬುದು ಬೇರೆಯೇ ದುಃಖ.

ಲಾಟರಿ ಗೆದ್ದ ಕ್ಲೀವ್‌ಲ್ಯಾಂಡ್‌ನಲ್ಲಿ ಲೆಬ್ರಾನ್ ಕಳೆದ ಏಳು ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು: ಚೊಚ್ಚಲ ಪಂದ್ಯದಲ್ಲೇ 25 ಅಂಕ, 2007ರಲ್ಲಿ ಫೈನಲ್‌ನಲ್ಲಿ ಸ್ಯಾನ್ ಆಂಟೋನಿಯೊ ಎದುರು 4–0 ಸೋಲು, 2009 ಮತ್ತು 2010ರಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿ, ಆದರೆ ಕಿರೀಟವಿಲ್ಲ. ಮುಂದಿನ ಕಥೆಗೆ ಬೀಜ ಬಿದ್ದದ್ದು 2006ರಲ್ಲಿ. ಐದು ವರ್ಷಗಳ ಒಪ್ಪಂದ ಎದುರಿಗಿದ್ದರೂ ಲೆಬ್ರಾನ್ 2010ರಲ್ಲೇ ಹೊರಬರಲು ಅವಕಾಶವಿರುವ ಕಿರು ಒಪ್ಪಂದವನ್ನು ಆರಿಸಿಕೊಂಡರು. ವೇಡ್ ಮತ್ತು ಬಾಷ್ ಕೂಡ ಅದೇ ಬಗೆಯ ಒಪ್ಪಂದ ಮಾಡಿಕೊಂಡರು. ಮೂವರ ಬಾಗಿಲೂ ಒಂದೇ ದಿನ ತೆರೆಯುವಂತಾಯಿತು.

ಎನ್‌ಬಿಎಯಲ್ಲಿ ತಂಡವೊಂದರ ಒಟ್ಟು ಸಂಬಳಕ್ಕೆ ಮಿತಿಯಿದೆ. 2010–11ರಲ್ಲಿ ಅದು 5.8 ಕೋಟಿ ಡಾಲರ್. ತನ್ನದೇ ಆಟಗಾರನನ್ನು ಉಳಿಸಿಕೊಳ್ಳಲು ತಂಡ ಈ ಮಿತಿಯನ್ನು ಮೀರಬಹುದು, ಹೊರಗಿನ ತಾರೆಯನ್ನು ಗರಿಷ್ಠ ಸಂಬಳಕ್ಕೆ ಕರೆತರಲು ಮೀರುವಂತಿಲ್ಲ. ಹೀಗಾಗಿ 2003ರಲ್ಲಿ ಪಂದ್ಯಗಳನ್ನು ಸೋತು ಕಾದದ್ದಾದರೆ, ಈ ಸಲ ಆಟಗಾರರನ್ನು ಕಳೆದುಕೊಂಡು ಕಾಯಬೇಕಾಯಿತು. ನಿಕ್ಸ್ 2010ರ ಫೆಬ್ರವರಿಯಲ್ಲಿ ಜ್ಯಾರೆಡ್ ಜೆಫ್ರೀಸ್‌ನ ಸಂಬಳದ ಹೊರೆ ಇಳಿಸಲೆಂದೇ, ಹಿಂದಿನ ವರ್ಷವಷ್ಟೇ ಎಂಟನೆಯವನಾಗಿ ಆರಿಸಿದ್ದ ಜಾರ್ಡನ್ ಹಿಲ್‌ನನ್ನೂ ಮುಂದಿನ ಡ್ರಾಫ್ಟ್ ಹಕ್ಕುಗಳನ್ನೂ ಹ್ಯೂಸ್ಟನ್‌ಗೆ ಧಾರೆಯೆರೆಯಿತು. 29–53ರ ಆ ಋತುವಿನ ಸೋಲುಗಳಿಂದ ಒಳ್ಳೆಯ ಹೊಸಬನಾದರೂ ಸಿಗುವಂತಿರಲಿಲ್ಲ, ಏಕೆಂದರೆ ಆ ವರ್ಷದ ಆಯ್ಕೆ ಹಳೆಯ ವ್ಯವಹಾರವೊಂದರ ಫಲವಾಗಿ ಯೂಟಾ ಪಾಲಾಗಿತ್ತು. ನ್ಯೂಜೆರ್ಸಿ ನೆಟ್ಸ್ 12–70ಕ್ಕೆ ಕುಸಿದಿತ್ತು. ಅದರ ಆಸೆಯೆಲ್ಲ ರಷ್ಯಾದ ಹೊಸ ಧನಿಕ ಮಾಲೀಕ ಮಿಖಾಯಿಲ್ ಪ್ರೊಖೊರೊವ್ ಮತ್ತು ಬ್ರೂಕ್ಲಿನ್‌ಗೆ ಹೋಗುವ ಯೋಜನೆಯ ಮೇಲೆ. ಶಿಕಾಗೊ ಕರ್ಕ್ ಹಿನ್ರಿಕ್‌ನನ್ನು ಬಿಟ್ಟಿತು, ಆದರೆ ತನ್ನ ಯುವ ತಾರೆ ಡೆರಿಕ್ ರೋಸ್‌ನನ್ನು ಉಳಿಸಿಕೊಂಡಿತು.

ಜುಲೈ 1ರಿಂದ ಮೂರು ದಿನ ಈ ತಂಡಗಳ ಮುಖಂಡರು ಒಬ್ಬರ ಹಿಂದೊಬ್ಬರು ಕ್ಲೀವ್‌ಲ್ಯಾಂಡ್‌ಗೆ ಬಂದು, ಅದೇ ಊರಿನ ಕಟ್ಟಡವೊಂದರಲ್ಲಿ ಲೆಬ್ರಾನ್ ಎದುರು ತಮ್ಮ ಕನಸುಗಳನ್ನು ಹರಡಿದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂಡ ಇಷ್ಟು ಗಡಿಬಿಡಿ ಕಂಡಿಲ್ಲ. ಮಯಾಮಿ ಹೀಟ್ ತಂಡದ ಅಧ್ಯಕ್ಷ ಪ್ಯಾಟ್ ರೈಲಿ ತಾವು ಗೆದ್ದ ಪ್ರಶಸ್ತಿ ಉಂಗುರಗಳ ಚೀಲವನ್ನೇ ಮೇಜಿನ ಮೇಲಿಟ್ಟರೆಂಬುದು ಪ್ರಸಿದ್ಧ. ಮಯಾಮಿಯ ನಿಜವಾದ ಬಲ ಉಂಗುರಗಳದ್ದಲ್ಲ: ಉಳಿದವರು ಒಬ್ಬನಿಗೆ, ಹೆಚ್ಚೆಂದರೆ ಇಬ್ಬರಿಗೆ ಜಾಗ ಮಾಡಿಕೊಂಡಿದ್ದರೆ, ರೈಲಿ ಮೂವರಿಗೆ ಮಾಡಿಕೊಂಡಿದ್ದರು. 2008ರ ಡ್ರಾಫ್ಟ್‌ನ ಎರಡನೇ ಆಯ್ಕೆ ಮೈಕಲ್ ಬೀಸ್ಲಿಯನ್ನು ಅವರು ಮಿನ್ನೆಸೋಟಕ್ಕೆ ಬಹುತೇಕ ಪುಕ್ಕಟೆಯಾಗಿ ಕೊಟ್ಟರು. ಲೆಬ್ರಾನ್, ವೇಡ್, ಬಾಷ್ ಮೂವರೂ ತಮಗೆ ಸಲ್ಲಬಹುದಾದ ಗರಿಷ್ಠ ಮೊತ್ತಕ್ಕಿಂತ ಕಡಿಮೆಗೆ ಒಪ್ಪಿದರು. ಜುಲೈ 8ರಂದು ಕನೆಕ್ಟಿಕಟ್‌ನ ಗ್ರೀನಿಚ್‌ನಿಂದ ನೇರಪ್ರಸಾರದಲ್ಲಿ ಲೆಬ್ರಾನ್ ಮಯಾಮಿಯ ಹೆಸರು ಹೇಳಿದಾಗ, ಕ್ಲೀವ್‌ಲ್ಯಾಂಡ್‌ನ ಬೀದಿಗಳಲ್ಲಿ ಅವರ ಜೆರ್ಸಿಗಳಿಗೆ ಬೆಂಕಿ ಬಿತ್ತು.

ಮುಂದಿನ ಋತುವಿನಲ್ಲಿ ಕ್ಯಾವಲಿಯರ್ಸ್ ಸತತ 26 ಪಂದ್ಯಗಳನ್ನು ಸೋತಿತು. ಈ ಸಲ ಬರಿದಾದದ್ದು ತನ್ನ ಇಚ್ಛೆಯಿಂದಲ್ಲ. ಆದರೆ 2011ರ ಲಾಟರಿಯಲ್ಲಿ ಮತ್ತೆ ಮೊದಲ ಸ್ಥಾನ ಅದಕ್ಕೇ ಬಂತು, ಅದೂ ತನ್ನದೇ ಚೀಟಿಯಿಂದಲ್ಲ. ಒಂದು ವರ್ಷದ ಹಿಂದೆ ಲೆಬ್ರಾನ್‌ಗಾಗಿ ಸರದಿಯಲ್ಲಿ ನಿಂತಿದ್ದ ಕ್ಲಿಪ್ಪರ್ಸ್ ತಂಡ ವ್ಯಾಪಾರವೊಂದರಲ್ಲಿ ಬಿಟ್ಟುಕೊಟ್ಟಿದ್ದ ಚೀಟಿಯಿಂದ. ಆ ಆಯ್ಕೆಯಲ್ಲಿ ಬಂದವರು ಕೈರಿ ಇರ್ವಿಂಗ್. ಲೆಬ್ರಾನ್ 2014ರಲ್ಲಿ ಮರಳಿದರು. 2016ರ ಫೈನಲ್‌ನ ಏಳನೇ ಪಂದ್ಯದಲ್ಲಿ, ಇನ್ನು ಒಂದು ನಿಮಿಷವೂ ಉಳಿದಿರದಾಗ, ಸಮಬಲದ ಗಂಟನ್ನು ಬಿಡಿಸಿದ ಮೂರು ಅಂಕಗಳ ಎಸೆತ ಇರ್ವಿಂಗ್ ಅವರದು.